ಬಿಸಿಲೂ ಯೂರಿಯಾ ಗೊಬ್ಬರದ ನಷ್ಟವೂ
(ಹಚ್ಚೊಳ್ಳಿ ಸುತ್ತಿನ ಎರೆಭೂಮಿಯ ಭತ್ತದ ಬೆಳೆಗಾರರ ತಿಳಿವಳಿಕೆಗಾಗಿ)

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ನೀರಿನ ಅನುಕೂಲವಿರತಕ್ಕ ಎರೆಭೂಮಿಗೆ ಭತ್ತವೇ ಮುಖ್ಯ ಬೆಳೆಯಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯು ಪೂರ್ಣಗೊಂಡ ತರುವಾಯ ಈ ತಾಲ್ಲೂಕಿನಲ್ಲಿ ಗದ್ದೆಯ ಬೇಸಾಯವು ಹಬ್ಬಿದಂತೆಲ್ಲ ರಾಸಾಯನಿಕ ಗೊಬ್ಬರದ ಖರ್ಚೂ ಬೆಳೆಯುತ್ತ ಬಂದಿತು. ಈ ಖರ್ಚಿನಲ್ಲಿ ಯೂರಿಯಾದ ಪಾಲು ದೊಡ್ಡದು. ಒಂದು ಚೀಲದ ತೂಕ 45 ಕಿಲೋ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಚೀಲ ಒಂದಕ್ಕೆ 20 ಕಿಲೋ 700 ಗ್ರಾಂ ಸಾರಜನಕವಾಯಿತು. ಎಕರೆಗೆ ಮೂರು ಚೀಲ ಹಾಕುವ ಬೇಸಾಯಗಾರನು ಸುಮಾರು 62 ಕಿಲೋ ಸಾರಜನಕವನ್ನು ಕೊಂಡು ತಂದು ಗದ್ದೆಗೆ ಸುರಿದಂತಾಯಿತು. ಇದರಲ್ಲಿ ಪೈರಿಗೆ ಸೇರುವುದೆಷ್ಟು, ಗಾಳಿಗೆ ಹೋಗುವುದೆಷ್ಟು ಎಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ನಿಂತ ನೀರಿನ ಮೇಲೆ ಎರಚಿದ ಯೂರಿಯಾದಲ್ಲಿ, ಬಿಸಿಲೂ ಕ್ಷಾರವೂ ಹೆಚ್ಚಾಗಿರುವ ಗದ್ದೆಗಳಲ್ಲಿ, ಕೆಲವೊಮ್ಮೆ ಅರ್ಧದಷ್ಟು ಸಾರಜನಕವು ಅಮೋನಿಯ ಎಂಬ ವಾಯುವಾಗಿ ಹಾರಿಹೋಗುವುದುಂಟು. ಎಲ್ಲ ಗದ್ದೆಯಲ್ಲಿಯೂ ಇಷ್ಟೇ ನಷ್ಟವಾಗುತ್ತದೆಂದು ಹೇಳಲಾಗದು. ಆದರೆ ಮೂರನೆಯ ಒಂದು ಪಾಲು ಹೋದರೂ ಎಕರೆಗೆ ಒಂದು ಚೀಲವು ಪೈರಿಗೆ ದಕ್ಕದೆ ಹೋದ ಹಾಗೆಯೇ. ಈ ನಷ್ಟವು ಕಣ್ಣಿಗೆ ಕಾಣದು. ಕಾಣುವುದು ಹದಿನೈದು ದಿನಗಳ ಮೇಲೆ ಪೈರಿನಲ್ಲಿ ಮೂಡುವ ಹಳದಿ ಬಣ್ಣ ಮಾತ್ರ. ಅದನ್ನು ಕಂಡ ಬೇಸಾಯಗಾರನು, ಹಾಕಿದ್ದು ಸಾಲದೆಂದು ತಿಳಿದು, ಇನ್ನೊಂದು ಚೀಲವನ್ನು ಅದೇ ಬಿಸಿಲಿನಲ್ಲಿ ಅದೇ ನೀರಿನ ಮೇಲೆ ಎರಚುತ್ತಾನೆ.

ಇದು ಏಕೆ ಹೀಗಾಗುತ್ತದೆಂಬುದನ್ನು ತಿಳಿಯಬೇಕಾದರೆ ರಸಾಯನಶಾಸ್ತ್ರದ ಒಂದು ನಿಯಮವನ್ನು ಅರಿಯಬೇಕು. ಅದು ಕಠಿಣವಾದುದೇನೂ ಅಲ್ಲ. ಮನೆಯಲ್ಲಿ ನಿತ್ಯವೂ ಕಾಣುವ ಸಂಗತಿಗಳಲ್ಲಿಯೇ ಇದೆ.

ಬಾವಿಯ ಗಡುಸು ನೀರನ್ನು ಬಚ್ಚಲಿನ ಹಂಡೆಯಲ್ಲಿ ಕಾಯಿಸುತ್ತ ಬಂದರೆ ಕೆಲವು ತಿಂಗಳಲ್ಲಿ ಹಂಡೆಯ ತಳದಲ್ಲಿ ಬಿಳಿಯ ಗಟ್ಟಿ ಪದರವೊಂದು ಕೂಡುತ್ತದೆ. ಇದು ಸುಣ್ಣಕಲ್ಲು. ನೀರು ತಣ್ಣಗಿದ್ದಾಗ ಸುಣ್ಣವು ಇಂಗಾಲಾಮ್ಲ ವಾಯುವಿನೊಡನೆ ಕೂಡಿ ಕರಗಿಕೊಂಡಿತ್ತು. ಕಾಯಿಸಿದಾಗ ವಾಯುವು ಮೇಲೆದ್ದು ಹೋಗಿ ಸುಣ್ಣವು ಕಲ್ಲಾಗಿ ಕೆಳಗೆ ನಿಂತಿತು. ಸುಣ್ಣದ ಗೂಡಿನಲ್ಲಿ ಇದಕ್ಕಿಂತ ಮುಂದಿನ ಕೆಲಸವು ನಡೆಯುತ್ತದೆ. ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಣ್ಣಕಲ್ಲು ತಾನೇ ಒಡೆದು, ವಾಯುವನ್ನು ಬಿಟ್ಟುಕೊಟ್ಟು, ಸುಟ್ಟ ಸುಣ್ಣವಾಗುತ್ತದೆ. ಅದೇ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ತಂಪಿನಲ್ಲಿ ನಿಧಾನವಾಗಿ ಗಾಳಿಯಿಂದ ಅದೇ ವಾಯುವನ್ನು ಹಿಂದಕ್ಕೆ ಪಡೆದು ಪುನಃ ಕಲ್ಲಾಗುತ್ತದೆ. ಬೆಂಕಿಯಲ್ಲಿ ಒಂದು ದಿಕ್ಕಿಗೆ ಹೋದ ಕಾರ್ಯವು ತಂಪಿನಲ್ಲಿ ಅದರ ವಿರುದ್ಧ ದಿಕ್ಕಿಗೆ ಬಂದಿತು.

ಹೀಗೆ ಎರಡು ದಿಕ್ಕಿಗೂ ನಡೆಯಬಲ್ಲ ರಾಸಾಯನಿಕ ಕಾರ್ಯಗಳು ಅನೇಕವಾಗಿವೆ. ಹೋಗುವುದೂ ಬರುವುದೂ ಸಮನಾದಾಗ ತಕ್ಕಡಿಯ ಮುಳ್ಳು ನಿಂತಂತೆ ಕಾಣುತ್ತದೆ. ಇದಕ್ಕೆ ರಾಸಾಯನಿಕ ಸಮತೋಲವೆಂದು ಹೆಸರು. ಮುಳ್ಳು ನಿಂತಿದ್ದರೂ ಒಳಗೆ ಕೆಲಸವು ನಿಂತಿರುವುದಿಲ್ಲ. ಉಷ್ಣತೆಯು ಬದಲಾದರೆ ಈ ತಕ್ಕಡಿಯು ಯಾವ ಕಡೆಗೆ ವಾಲುತ್ತದೆಂಬುದನ್ನು ಫ್ರಾನ್ಸ್ ದೇಶದ ಲ ಶಾತಲಿಯೇ ಎಂಬ ವಿದ್ವಾಂಸರು 1884ರಲ್ಲಿ ಹೇಳಿದರು. ಯಾವ ದಿಕ್ಕಿನ ಕಾರ್ಯವು ಶಾಖವನ್ನು ಹೀರುತ್ತದೆಯೋ, ಶಾಖ ಕೊಟ್ಟಾಗ ಆ ದಿಕ್ಕೇ ಮೇಲಾಗುತ್ತದೆ. ಯಾವುದು ಶಾಖವನ್ನು ಹೊರಗೆಡಹುತ್ತದೆಯೋ, ತಂಪಿನಲ್ಲಿ ಅದು ಮೇಲಾಗುತ್ತದೆ. ಸಿಂಪಡಿಸುವುದಕ್ಕಾಗಿ ಯೂರಿಯಾವನ್ನು ನೀರಿನಲ್ಲಿ ಕದಡಿದವರು ಪಾತ್ರೆಯು ಕೈಗೆ ತಣ್ಣಗಾಗುವುದನ್ನು ಕಂಡಿರಬಹುದು. ಕರಗುವಾಗ ಯೂರಿಯಾವು ಶಾಖವನ್ನು ಹೀರುತ್ತದೆ. ಆದಕಾರಣವೇ ಬಿಸಿನೀರಿನಲ್ಲಿ ಅದು ಹೆಚ್ಚಾಗಿ ಕರಗುತ್ತದೆ. ಎರಡೂ ಒಂದೇ ನಿಯಮದ ಎರಡು ಮುಖಗಳು.

ಇನ್ನು ಗದ್ದೆಯ ವಿಷಯ. ಯೂರಿಯಾವು ಯೂರಿಯಾವಾಗಿಯೇ ಇರುವ ತನಕ ಹಾರಿಹೋಗುವುದಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವವು ಅದನ್ನು ಕೆಲವು ದಿನಗಳೊಳಗೆ ಒಡೆಯುತ್ತದೆ. ಆಗ ಅದರ ಸಾರಜನಕವು ನೀರಿನಲ್ಲಿ ಎರಡು ರೂಪಗಳಲ್ಲಿ ನಿಲ್ಲುತ್ತದೆ. ಒಂದು ಅಮೋನಿಯಂ ಎಂಬ ಲವಣರೂಪ. ಇದನ್ನು ಎರೆಮಣ್ಣಿನ ಜೇಡಿಯು ಹಿಡಿದಿಟ್ಟುಕೊಳ್ಳುತ್ತದೆ, ಪೈರಿನ ಬೇರು ಹೀರಿಕೊಳ್ಳುತ್ತದೆ. ಇನ್ನೊಂದು ಅಮೋನಿಯ ಎಂಬ ವಾಯುರೂಪ. ಇದು ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಮುಂಜಾನೆ ದನದ ಕೊಟ್ಟಿಗೆಯ ಬಾಗಿಲನ್ನು ತೆರೆದಾಗ ಮೂಗಿಗೆ ಬಡಿಯುವ ಕಟುವಾಸನೆಯು ಈ ಅಮೋನಿಯದ್ದೇ. ಗಂಜಳದಲ್ಲಿಯೂ ಯೂರಿಯಾವೇ ಇರುವುದರಿಂದ ಕೊಟ್ಟಿಗೆಯಲ್ಲಿ ನಡೆಯುವುದೂ ಗದ್ದೆಯಲ್ಲಿ ನಡೆಯುವುದೂ ಬೇರೆಯಲ್ಲ.

ಈ ಎರಡು ರೂಪಗಳ ನಡುವೆಯೂ ಮೇಲೆ ಹೇಳಿದ ತಕ್ಕಡಿಯೇ ಇದೆ. ಲವಣರೂಪವು ವಾಯುರೂಪವಾಗುವಾಗ ಶಾಖವನ್ನು ಹೀರುತ್ತದೆ. ಆದುದರಿಂದ ನೀರು ಬಿಸಿಯಾದಷ್ಟೂ ತಕ್ಕಡಿಯು ವಾಯುವಿನ ಕಡೆಗೆ ವಾಲುತ್ತದೆ. ಅಂಕಿಗಳಲ್ಲಿ ಹೇಳುವುದಾದರೆ, ರಸಸಾರ 8 ಇರುವ ನೀರಿನಲ್ಲಿ ಉಷ್ಣತೆಯು 15 ಡಿಗ್ರಿ ಸೆಂಟಿಗ್ರೇಡ್ ಇದ್ದಾಗ ನೂರರಲ್ಲಿ ಸುಮಾರು 3 ಪಾಲು ವಾಯುರೂಪದಲ್ಲಿರುತ್ತದೆ. 25 ಡಿಗ್ರಿಗೆ ಅದು 5 ಪಾಲಾಗುತ್ತದೆ, 35 ಡಿಗ್ರಿಗೆ 10 ಪಾಲು, 40 ಡಿಗ್ರಿಗೆ ಸುಮಾರು 14 ಪಾಲು. ಇದರ ಮೇಲೆ, ಬಿಸಿನೀರು ಯಾವ ವಾಯುವನ್ನೂ ತಣ್ಣೀರಿನಷ್ಟು ಹಿಡಿದಿಟ್ಟುಕೊಳ್ಳಲಾರದು. ಬಿಸಿಲಿನಲ್ಲಿಟ್ಟ ಗೋಲಿ ಸೋಡಾವನ್ನು ಒಡೆದರೆ ನೊರೆಯು ಉಕ್ಕಿ ಚೆಲ್ಲುವುದಕ್ಕೂ, ತಣ್ಣೀರಿನಲ್ಲಿಟ್ಟ ಸೋಡಾವು ಅಷ್ಟು ಉಕ್ಕದಿರುವುದಕ್ಕೂ ಇದೇ ಕಾರಣ. ಹೀಗೆ ಉಷ್ಣತೆಯು ಗದ್ದೆಯ ನೀರಿನಲ್ಲಿ ಎರಡು ಸಲ ಕಳ್ಳತನ ಮಾಡುತ್ತದೆ: ಮೊದಲು ಲವಣವನ್ನು ವಾಯುವಾಗಿಸಿ, ಆ ಮೇಲೆ ವಾಯುವನ್ನು ನೀರಿನಿಂದ ಹೊರಡಿಸಿ.

ಹತ್ತು ಪಾಲು ವಾಯುವಾದರೆ ತೊಂಬತ್ತು ಪಾಲು ಉಳಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಮುಚ್ಚಿದ ಸೀಸೆಯಲ್ಲಾದರೆ ಆ ಮಾತು ನಿಜ. ತೆರೆದ ಗದ್ದೆಯಲ್ಲಿ ಹಾಗಲ್ಲ. ಆ ಹತ್ತು ಪಾಲನ್ನು ಗಾಳಿಯು ಒಯ್ದೊಡನೆ ತಕ್ಕಡಿಯ ಒಂದು ತಟ್ಟೆಯು ಬರಿದಾಗುತ್ತದೆ. ಅದನ್ನು ತುಂಬಲು ಉಳಿದ ಲವಣದಿಂದ ಪುನಃ ಅದೇ ಪ್ರಮಾಣದ ಪಾಲು ವಾಯುವಾಗುತ್ತದೆ. ಗಾಳಿ ಬೀಸುತ್ತಿರುವ ತನಕ ಸಮತೋಲವೆಂಬುದು ಕೂಡುವುದೇ ಇಲ್ಲ. ತಳದಲ್ಲಿ ಸಣ್ಣ ಬಿರುಕುಳ್ಳ ಗಡಿಗೆಯು ರಾತ್ರಿ ಕಳೆಯುವುದರೊಳಗೆ ಬರಿದಾಗುವಂತೆ, ದಿನ ದಿನವೂ ಸ್ವಲ್ಪ ಸ್ವಲ್ಪವಾಗಿ ಒಂದು ವಾರದಲ್ಲಿ ದೊಡ್ಡ ಮೊತ್ತವೇ ಹೋಗುತ್ತದೆ. ನಷ್ಟದ ಬಹುಭಾಗವು ಗೊಬ್ಬರ ಹಾಕಿದ ಮೊದಲ ವಾರ ಹತ್ತು ದಿನಗಳಲ್ಲಿಯೇ ಆಗುವುದೆಂಬುದನ್ನು ನೆನಪಿನಲ್ಲಿಡಬೇಕು.

ಉಷ್ಣತೆಯೊಂದೇ ಆಗಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ಮಲೆನಾಡಿನ ಹುಳಿಮಣ್ಣಿನ ಗದ್ದೆಯಲ್ಲಿ ಅದೇ ಬಿಸಿಲಿಗೆ ಇಷ್ಟು ಅಮೋನಿಯವು ಹಾರದು. ರಸಸಾರವು 7 ಇರುವ ನೀರಿನಲ್ಲಿ 35 ಡಿಗ್ರಿ ಉಷ್ಣತೆಯಲ್ಲಿಯೂ ವಾಯುರೂಪವು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಬಳ್ಳಾರಿ ಸೀಮೆಯ ಎರೆಭೂಮಿಯು ಸುಣ್ಣದ ಹರಳುಗಳಿರತಕ್ಕ ಕ್ಷಾರಭೂಮಿ. ನೇಗಿಲಿಗೆ ಸಿಕ್ಕುವ ಬಿಳಿಯ ಹರಳುಗಳೇ ಇದಕ್ಕೆ ಸಾಕ್ಷಿ. ಹಂಡೆಯ ತಳದ ಪದರಕ್ಕೂ ಈ ಹರಳಿಗೂ ಕುಲ ಒಂದೇ. ಇಂಥ ಮಣ್ಣಿನ ರಸಸಾರವು ಸಾಧಾರಣವಾಗಿ 8ಕ್ಕೆ ಮೇಲ್ಪಟ್ಟಿರುತ್ತದೆ. ಸಾಲದುದಕ್ಕೆ ಯೂರಿಯಾವು ಒಡೆಯುವಾಗ ತಾನೂ ಕ್ಷಾರವನ್ನು ಹುಟ್ಟಿಸಿ ಸುತ್ತಣ ನೀರಿನ ರಸಸಾರವನ್ನು ಏರಿಸುತ್ತದೆ.

ಇನ್ನೊಂದು ಕಾರಣವು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಅದು ಪಾಚಿ. ನಾಟಿ ಮಾಡಿದ ಕೆಲವು ದಿನಗಳಲ್ಲಿ ನಿಂತ ನೀರಿನಲ್ಲಿ ಹಸಿರು ಪಾಚಿಯು ಕಟ್ಟುತ್ತದೆ. ಹಗಲಿನಲ್ಲಿ ಅದು ನೀರಿನೊಳಗಿನ ಇಂಗಾಲಾಮ್ಲ ವಾಯುವನ್ನೆಲ್ಲ ಆಹಾರಕ್ಕಾಗಿ ಹೀರಿಬಿಡುತ್ತದೆ. ಆ ಆಮ್ಲವು ಹೋದ ನೀರಿನ ರಸಸಾರವು ಮಧ್ಯಾಹ್ನದ ಹೊತ್ತಿಗೆ 9ಕ್ಕೂ, ಒಮ್ಮೊಮ್ಮೆ ಅದಕ್ಕಿಂತ ಮೇಲಕ್ಕೂ ಏರುತ್ತದೆ. ರಾತ್ರಿ ಪುನಃ ಇಳಿಯುತ್ತದೆ. ರಸಸಾರ 9 ಮತ್ತು ಉಷ್ಣತೆ 35 ಡಿಗ್ರಿ ಕೂಡಿದಾಗ ನೀರಿನಲ್ಲಿರುವ ಅಮೋನಿಯದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ವಾಯುರೂಪಕ್ಕೆ ಬರುತ್ತದೆ. ಬಿಸಿಲು, ಕ್ಷಾರ, ಗಾಳಿ ಈ ಮೂರೂ ಒಂದೇ ಹೊತ್ತಿನಲ್ಲಿ ಕೂಡುವ ವೇಳೆಯೆಂದರೆ ನಡುಮಧ್ಯಾಹ್ನ. ಆಳು ಸಿಕ್ಕಿದ ಹೊತ್ತಿಗೆ ಗೊಬ್ಬರ ಎರಚಿಸುವ ವಾಡಿಕೆಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದೇ ಅಮೋನಿಯವನ್ನು ತಯಾರಿಸುವುದಕ್ಕೆ ಕಾರ್ಖಾನೆಯವರು ಪಡುವ ಪಾಡನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಗಾಳಿಯ ಸಾರಜನಕವೂ ಜಲಜನಕವೂ ಕೂಡಿ ಅಮೋನಿಯವಾಗುವಾಗ ಶಾಖವು ಹೊರಬೀಳುತ್ತದೆ. ಆದುದರಿಂದ ನಿಯಮದ ಪ್ರಕಾರ ಶಾಖವು ಹೆಚ್ಚಿದಷ್ಟೂ ಹುಟ್ಟಿದ ಅಮೋನಿಯವು ಒಡೆದು ಹಿಂದಕ್ಕೆ ಹೋಗುತ್ತದೆ. ತಂಪಾಗಿಟ್ಟರೆ ಕಾರ್ಯವು ಆಮೆಯ ನಡಿಗೆಯಲ್ಲಿ ಸಾಗುತ್ತದೆ. ಜರ್ಮನಿಯ ಹಾಬರ್ ಎಂಬ ವಿದ್ವಾಂಸರು 1909ರಲ್ಲಿ ಇದಕ್ಕೆ ದಾರಿ ಕಂಡರು. ಬಾಷ್ ಎಂಬವರು 1913ರಲ್ಲಿ ಅದನ್ನು ಕಾರ್ಖಾನೆಯ ಕೆಲಸವಾಗಿಸಿದರು. 400 ರಿಂದ 500 ಡಿಗ್ರಿ ಉಷ್ಣತೆ, ಗಾಳಿಯ ಒತ್ತಡಕ್ಕೆ ನೂರಾರು ಪಟ್ಟು ಮೀರಿದ ಒತ್ತಡ, ಜೊತೆಗೆ ಕಬ್ಬಿಣದ ಪ್ರೇರಕ: ಇದು ತಕ್ಕಡಿಯ ಎರಡು ತಟ್ಟೆಗಳಿಗೂ ಒಪ್ಪಿಗೆಯಾದ ರಾಜಿ. ಮೈಸೂರಿನ ಸಮೀಪದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಇಂಥ ಕಾರ್ಖಾನೆಯೊಂದು ನಡೆದಿತ್ತು. ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಯೂರಿಯಾ ತಯಾರಿಕೆಯು ಆರಂಭವಾಯಿತು. ಅಷ್ಟು ಕಷ್ಟದಿಂದ ಗಾಳಿಯಿಂದ ಹಿಡಿದು ತಂದ ಸಾರಜನಕವನ್ನು ಒಂದು ವಾರದ ಬಿಸಿಲಿನಲ್ಲಿ ಗಾಳಿಗೇ ಹಿಂದಿರುಗಿಸುವುದು ದೊಡ್ಡ ದಂಡವಲ್ಲವೆ?

ಕೆಲವರು ಉಷ್ಣತೆಯ ಎರಡು ಕೆಲಸಗಳನ್ನು ಒಂದೆಂದೇ ಭಾವಿಸುತ್ತಾರೆ. ಕಾವು ಹೆಚ್ಚಿದರೆ ಯಾವ ರಾಸಾಯನಿಕ ಕಾರ್ಯವಾದರೂ ಸಾಧಾರಣವಾಗಿ ಚುರುಕಾಗುತ್ತದೆ. ಇದು ವೇಗದ ಮಾತು. ಕೊನೆಗೆ ಎಷ್ಟು ಪಾಲು ಯಾವ ಕಡೆ ನಿಲ್ಲುತ್ತದೆಂಬುದು ಸಮತೋಲದ ಮಾತು. ಕಾರ್ಖಾನೆಯಲ್ಲಿ ಇವೆರಡೂ ಪರಸ್ಪರ ವಿರುದ್ಧವಾಗಿವೆ. ಗದ್ದೆಯಲ್ಲಿಯಾದರೋ ಎರಡೂ ಬೇಸಾಯಗಾರನಿಗೇ ವಿರುದ್ಧವಾಗಿ ಸೇರಿಕೊಂಡಿವೆ: ಬಿಸಿಲಿನಲ್ಲಿ ಯೂರಿಯಾವು ಬೇಗ ಒಡೆಯುವುದೂ ಉಂಟು, ಒಡೆದದ್ದು ವಾಯುವಿನ ಕಡೆಗೆ ವಾಲುವುದೂ ಉಂಟು. 2015ರಿಂದ ಯೂರಿಯಾಕ್ಕೆ ಕಡ್ಡಾಯವಾಗಿ ಬೇವಿನ ಎಣ್ಣೆಯ ಲೇಪವಾಗಿ ಬರುತ್ತಿದೆ. ಇದರಿಂದ ಪ್ರಯೋಜನವುಂಟು, ಮುಖ್ಯವಾಗಿ ಸಾರಜನಕವು ನೈಟ್ರೇಟಾಗಿ ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ. ಆದರೆ ಅಮೋನಿಯದ ಈ ತಕ್ಕಡಿಯನ್ನು ಬೇವಿನೆಣ್ಣೆಯು ತಿದ್ದಲಾರದು. ಲೇಪವಿದೆಯೆಂದು ನಿಂತ ನೀರಿನ ಮೇಲೆ ಎರಚುವುದು ಸರಿಯಲ್ಲ. ಯೂರಿಯಾಕ್ಕೆ ಬದಲು ಅಮೋನಿಯಂ ಸಲ್ಫೇಟನ್ನು ಹಾಕಿದರೆ ಈ ತೊಂದರೆಯಿಲ್ಲವೆಂಬ ಮಾತೂ ಸುಣ್ಣದ ಭೂಮಿಗೆ ಸಲ್ಲದು. ಸುಣ್ಣದೊಡನೆ ಸೇರಿ ಅದೂ ಅಮೋನಿಯವನ್ನು ಬಿಡುತ್ತದೆ.

ಇದನ್ನು ಸಂಶಯಿಸುವವರು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು. ಒಂದೊಂದು ಚಿಟಿಕೆ ಅಮೋನಿಯಂ ಸಲ್ಫೇಟನ್ನೂ ಅಷ್ಟೇ ಒದ್ದೆ ಸುಣ್ಣವನ್ನೂ ಎರಡು ಲೋಟಗಳಲ್ಲಿ ಕಲಸಿ, ಒಂದನ್ನು ಗಡಿಗೆಯ ತಣ್ಣೀರಿನ ತಟ್ಟೆಯಲ್ಲಿಯೂ ಇನ್ನೊಂದನ್ನು ಬಿಸಿನೀರಿನ ತಟ್ಟೆಯಲ್ಲಿಯೂ ಇಡಬೇಕು. ಎರಡರ ಬಾಯಿಗೂ ಅರಿಶಿನದಲ್ಲಿ ಅದ್ದಿದ ಒದ್ದೆ ಬಟ್ಟೆಯನ್ನು ಮುಚ್ಚಬೇಕು. ಅಮೋನಿಯವು ತಾಗಿದ ಅರಿಶಿನವು ಕೆಂಪಾಗುತ್ತದೆ. ಬಿಸಿನೀರಿನ ಲೋಟದ ಬಟ್ಟೆಯು ಮೊದಲು ಕೆಂಪಾಗುವುದನ್ನು ಕಾಣಬಹುದು. ಮೂಗನ್ನು ಲೋಟದ ಬಾಯಿಗೆ ಹತ್ತಿರ ಒಯ್ಯಬಾರದು. ಮಕ್ಕಳ ಕೈಗೆ ಕೊಡಬಾರದು.

ಬಿಸಿಲನ್ನು ತಡೆಯುವುದು ಯಾರಿಂದಲೂ ಆಗದು. ಗೊಬ್ಬರವನ್ನು ಬಿಸಿಲಿನಿಂದ ಮರೆಮಾಡುವುದು ಮಾತ್ರ ಸಾಧ್ಯ. ಅದಕ್ಕೆ ತಕ್ಕ ಮರೆಯು ಕೆಸರೇ. ನೀರು ನಿಂತ ಕೆಸರಿನೊಳಗೆ ಗಾಳಿಯಾಡದೆ ಇಂಗಾಲಾಮ್ಲವು ಕೂಡಿಕೊಳ್ಳುವುದರಿಂದ, ಒಣಗಿದ್ದಾಗ 8ಕ್ಕೆ ಮೇಲ್ಪಟ್ಟಿದ್ದ ರಸಸಾರವು ಕೆಲವು ವಾರಗಳಲ್ಲಿ 7ರ ಸುತ್ತಿಗೆ ಇಳಿಯುತ್ತದೆ. ಅಲ್ಲಿ ಕಾವೂ ಕಡಿಮೆ. ಮೇಲಿನ ನೀರಿನಲ್ಲಿ ನಡುಮಧ್ಯಾಹ್ನ ಅರ್ಧಪಾಲು ವಾಯುವಾಗಿರುವ ಹೊತ್ತಿನಲ್ಲಿಯೇ, ಎರಡು ಮೂರು ಅಂಗುಲ ಕೆಳಗಿನ ಕೆಸರಿನಲ್ಲಿ ನೂರಕ್ಕೆ ಒಂದು ಪಾಲು ಸಹ ವಾಯುವಾಗಿರುವುದು ಕಷ್ಟ. ಉಳಿದುದನ್ನು ಎರೆಯ ಜೇಡಿಯು ಹಿಡಿದಿಟ್ಟುಕೊಂಡಿರುತ್ತದೆ.

ಆದಕಾರಣ ನಾಟಿಗೆ ಮೊದಲು ಕೊಡುವ ಪಾಲನ್ನು ಕಡೆಯ ಕೆಸರುಗೆಲಸದ ಸಮಯದಲ್ಲಿ, ನಿಂತ ನೀರನ್ನು ತೆಗೆದು, ಕೆಸರಿನಲ್ಲಿ ಬೆರೆಸತಕ್ಕದ್ದು. ಮೇಲುಗೊಬ್ಬರವನ್ನು ಕೊಡುವಾಗ ನೀರನ್ನು ಕೆಸರು ಕಾಣುವಷ್ಟು ಇಳಿಸಿ, ಸಂಜೆ ಬಿಸಿಲು ಇಳಿದ ಮೇಲೆ ಎರಚಿ, ಸಾಲಿನಲ್ಲಿ ನಾಟಿ ಮಾಡಿದ ಗದ್ದೆಯಾದರೆ ಕಳೆ ತೆಗೆಯುವ ಯಂತ್ರವನ್ನಾಡಿಸಿ, ಇಲ್ಲವಾದರೆ ಕಾಲಿನಿಂದ ತುಳಿಸಿ, ಮರುದಿನ ಹೊತ್ತೇರುವ ಮೊದಲು ನೀರು ಕಟ್ಟತಕ್ಕದ್ದು. ಸಂಜೆಯ ವೇಳೆಯೇ ಮುಖ್ಯವೆಂದು ತಿಳಿದು ನಿಂತ ನೀರಿನ ಮೇಲೆಯೇ ಎರಚಿದರೆ ಹೆಚ್ಚು ಫಲವಿಲ್ಲ. ಯೂರಿಯಾವು ಒಡೆಯುವುದಕ್ಕೆ ದಿನಗಳು ಬೇಕಾಗುವುದರಿಂದ ಮರುದಿನದ ಮಧ್ಯಾಹ್ನವೂ ಅದರ ಮರುದಿನದ ಮಧ್ಯಾಹ್ನವೂ ಎದುರಿಗೆ ಇದ್ದೇ ಇರುತ್ತವೆ. ಸಂಜೆಯ ಪ್ರಯೋಜನವೆಂದರೆ ಬಿಸಿಲೇರುವ ಮೊದಲೇ ಗೊಬ್ಬರವು ನೀರಿನೊಡನೆ ಕೆಸರಿಗೆ ಇಳಿಯಲು ಒಂದು ರಾತ್ರಿ ದೊರೆಯುವುದು. ಎಲೆಯ ಮೇಲೆ ಇಬ್ಬನಿಯಿರುವಾಗ ಎರಚಿದರೆ ಹರಳು ಎಲೆಗೆ ಅಂಟಿ ಸುಡುತ್ತದೆ.

ನಾಟಿಯಾದ ಎರಡು ಮೂರು ವಾರಗಳಲ್ಲಿ ಕೊಡುವ ಮೇಲುಗೊಬ್ಬರಕ್ಕೇ ಈ ಜಾಗ್ರತೆಯು ಅತ್ಯಗತ್ಯ. ಆಗ ಪೈರು ಚಿಕ್ಕದು, ನೀರಿಗೆ ನೆರಳಿಲ್ಲ, ಪಾಚಿಯು ಹೇರಳ. ತೆನೆ ಮೂಡುವ ಕಾಲಕ್ಕೆ ಪೈರು ಮುಚ್ಚಿಕೊಂಡು ನೀರಿಗೆ ನೆರಳಾಗುತ್ತದೆ, ಗಾಳಿಯು ಮರೆಯಾಗುತ್ತದೆ, ಬೇರುಗಳೂ ಗೊಬ್ಬರವನ್ನು ಬೇಗ ಹೀರುತ್ತವೆ. ಆಗಿನ ನಷ್ಟವು ಎಷ್ಟೋ ಕಡಿಮೆ. ಹೀಗಾಗಿ ಮೊದಲೇ ಹೆಚ್ಚು ಹಾಕಿ ಮುಗಿಸಿಬಿಡುವುದಕ್ಕಿಂತ ಪಾಲು ಮಾಡಿ ಕೊಡುವುದು ಲೇಸು. ಬೇಸಿಗೆಯ ಭತ್ತಕ್ಕೆ, ಮಾರ್ಚಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಈ ಮಾತು ಇಮ್ಮಡಿಯಾಗಿ ಅನ್ವಯಿಸುತ್ತದೆ.

ಇದರಲ್ಲಿ ಗ್ರಾಮದ ಮುಖಂಡರ ಪಾತ್ರವೂ ಉಂಟು. ನೀರನ್ನು ಇಳಿಸಿ ಗೊಬ್ಬರ ಹಾಕಬೇಕೆಂದರೆ ಮರುದಿನ ನೀರು ಸಿಕ್ಕೇ ಸಿಕ್ಕುವ ಭರವಸೆ ಬೇಕು. ಕಾಲುವೆಯ ಕಡೆಯಂಚಿನ ಬೇಸಾಯಗಾರನಿಗೆ ಆ ಭರವಸೆಯಿಲ್ಲ. ಬಿಟ್ಟ ನೀರು ಪುನಃ ಬರುವುದೋ ಇಲ್ಲವೋ ಎಂಬ ಭಯದಿಂದಲೇ ಅವನು ನಿಂತ ನೀರಿನ ಮೇಲೆ ಎರಚುತ್ತಾನೆ. ಅವನನ್ನು ಅಜ್ಞಾನಿಯೆಂದು ಹೀಗಳೆಯುವುದು ನ್ಯಾಯವಲ್ಲ. ಒಂದು ತೂಬಿನ ಕೆಳಗಿನ ಹಿಡುವಳಿದಾರರು ಕೂಡಿ, ಯಾವ ಯಾವ ದಿನ ಯಾರ ಯಾರ ಮಡಿಗೆ ಗೊಬ್ಬರವೆಂದು ಮೊದಲೇ ಗೊತ್ತುಮಾಡಿ, ಆ ರಾತ್ರಿ ಕಳೆದ ಮೇಲೆ ಅವರಿಗೇ ಮೊದಲ ಸರದಿಯ ನೀರು ಎಂದು ಕಟ್ಟುಮಾಡಿಕೊಂಡರೆ ಯಾರಿಗೂ ಖರ್ಚಿಲ್ಲದೆ ಕೆಲಸವಾಗುತ್ತದೆ. ಗೊಬ್ಬರ ಹಾಕಿದ ಮೇಲೆ ಒಂದು ವಾರದ ತನಕ ಮಡಿಯಿಂದ ಮಡಿಗೆ ನೀರು ಹರಿಯಗೊಡಬಾರದು. ಒಡೆಯದ ಯೂರಿಯಾವನ್ನು ಜೇಡಿಯು ಹಿಡಿಯಲಾರದು. ಅದು ನೀರಿನೊಡನೆ ನೆರೆಯವನ ಗದ್ದೆಗೋ ಹಳ್ಳಕ್ಕೋ ಹೋಗುತ್ತದೆ. ಇದರಿಂದ ಹುಟ್ಟುವ ವ್ಯಾಜ್ಯಗಳು ಬೇರೆ.

ಜೋಳ, ಹತ್ತಿ ಮುಂತಾದ ಒಣ ಎರೆಹೊಲದ ಬೆಳೆಗಳಿಗೆ ಯೂರಿಯಾವನ್ನು ಸಾಲಿನ ಪಕ್ಕದಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಹಾಕಿ ಮಣ್ಣು ಮುಚ್ಚಿದರೆ ಸಾಕು. ಮೇಲೆ ಚೆಲ್ಲಿ ಮಳೆಗಾಗಿ ಕಾಯುವುದು ಜೂಜು. ತಿಪ್ಪೆಯ ಗೊಬ್ಬರಕ್ಕೂ ಇದೇ ನ್ಯಾಯ: ಬಯಲಿನ ತಿಪ್ಪೆಗಿಂತ ನೆರಳಿನ ಗುಂಡಿಯಲ್ಲಿ, ಗಂಜಳವನ್ನು ಹೀರುವಷ್ಟು ಕಸಕಡ್ಡಿಯನ್ನೂ ಮೇಲೊಂದು ಪದರ ಮಣ್ಣನ್ನೂ ಹಾಕಿ ಇಟ್ಟ ಗೊಬ್ಬರದಲ್ಲಿ ಸಾರಜನಕವು ಹೆಚ್ಚಾಗಿ ಉಳಿಯುತ್ತದೆ.

ಮಣ್ಣಿನ ಪರೀಕ್ಷೆಯಲ್ಲಿ ರಸಸಾರವು 8.5ಕ್ಕೆ ಮೀರಿ ಸೋಡಿಯಂ ಹೆಚ್ಚೆಂದು ಕಂಡುಬಂದರೆ ಅಂಥ ಹೊಲಕ್ಕೆ ಜಿಪ್ಸಂ ಅಗತ್ಯ. ಎಷ್ಟೆಂಬುದನ್ನು ಪರೀಕ್ಷೆಯ ಚೀಟಿಯಂತೆಯೇ ನಿಶ್ಚಯಿಸಬೇಕು, ನೆರೆಯವನು ಹಾಕಿದನೆಂದು ಹಾಕಕೂಡದು. ಜಿಪ್ಸಂನಿಂದ ಸುಣ್ಣದ ಭೂಮಿಯು ಹುಳಿಯಾಗಲಾರದು, ರಸಸಾರವು 8ರ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಲಾಭ. ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲಿ, ಗೊಬ್ಬರ ಹಾಕುವುದಕ್ಕೆ ಮೊದಲು, ಹೊಲದ ಹಲವು ಕಡೆಗಳಿಂದ ತೆಗೆದು ನೆರಳಿನಲ್ಲಿ ಒಣಗಿಸಿ ಕಳುಹಿಸತಕ್ಕದ್ದು. ಬದುವಿನ ಅಂಚಿನಿಂದಲೂ ತಿಪ್ಪೆಯ ಜಾಗದಿಂದಲೂ ತೆಗೆಯಕೂಡದು.